ಕೆಂಪು ಗೆರೆಯ ನೆತ್ತಿಯ ತಗ್ಗು

ಗುರುವಾರ, ಫೆಬ್ರವರಿ ೧೩

ಬೆಳಿಗ್ಗೆ "ಕೆಲಸದ ಮಧ್ಯೆ ನನ್ನ ನೆನಪಾಗುತ್ತಾ?" ಎಂದು ಕೇಳಿದ್ದಕ್ಕೆ ಇವರು "ಹೂಂ" ಎಂದರು. ಮದುವೆಯಾಗಿ ತಿಂಗಳಾಗಿಲ್ಲ, ಆಗಲೇ ಬರೀ ಒಂದು ಹೂಂ. ದಿನವಿಡೀ ಅದೇ ಕೊರೆಯಿತು.

ಲ್ಯಾಬಿನಲ್ಲಿ ನಿಂತು ನಿಂತು ಸೊಂಟ ಬಿದ್ದುಹೋಗಿದೆ. ಅದಿರಿನ ಚೂರಿಗೆ ಲೇಸರ್ ಹೊಡೆದಾಗ ಏಳುವ ಕಿಡಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಲಿಥಿಯಂ ಒಂದು ಕೆಂಪು ಗೆರೆಯಾಗಿ ಕಾಣುತ್ತದೆ. ಅಯ್ಯೋ, ಎಷ್ಟು ಚಂದದ ಕೆಂಪು ಅದು. ಗೆರೆ ಜೋರಾಗಿದ್ದಷ್ಟೂ ಲಿಥಿಯಂ ಹೆಚ್ಚು. ಗಣಿಯಿಂದ ಬಂದ ಅದಿರಿನಲ್ಲಿ ಮೂರನೇ ರಾಶಿಯ ಗೆರೆ ಮಾತ್ರ ಸಪ್ಪೆಯಾಗಿತ್ತು.

"ಕಸಕ್ಕೆ ಅಂತ ಬರೆದುಬಿಡಮ್ಮ, ಬೆಳಿಗ್ಗೆ ಲಾರಿ ಬರುತ್ತೆ," ಎಂದರು ನಮ್ಮ ಮೇಲ್ವಿಚಾರಕರು.

ಬರೆಯುವ ಮೊದಲು, ಪರದೆಯ ನಕ್ಷೆಯಲ್ಲಿ ಗುಡ್ಡದಂತೆ ಏಳುವ ಆ ಗೆರೆಯನ್ನು ಹಿಗ್ಗಿಸಿ ನೋಡಿದೆ. ನೆತ್ತಿಯಲ್ಲಿ ಪುಟ್ಟದೊಂದು ತಗ್ಗು. ಲಿಥಿಯಂ ವಿಪರೀತ ಇದ್ದರೆ ಕಿಡಿ ತನ್ನ ಕೆಂಪು ಬೆಳಕನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ಲಿಥಿಯಂನದೇ ಇನ್ನೊಂದು ಗೆರೆಯಲ್ಲಿ, ಕಿಡಿ ಅಷ್ಟಾಗಿ ನುಂಗದ ಕಿತ್ತಳೆಯದರಲ್ಲಿ, ಅಳೆದೆ. ಕಸವೆಂದ ಆ ರಾಶಿಯೇ ಎಲ್ಲಕ್ಕಿಂತ ಶ್ರೀಮಂತ.

"ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇದು ಆ ಜಾತಿ ಕಲ್ಲು," ಎಂದು ನಗುತ್ತಾ ಅವರು ಲಾರಿಯವರಿಗೆ ಬೇಡವೆಂದು ಫೋನ್ ಮಾಡಿದರು.

ರಾತ್ರಿ ತಡವಾಗಿ ಮನೆಗೆ ಬಂದಾಗ ಇವರಿಗೆ ನಿದ್ದೆ ಹತ್ತಿತ್ತು. ಮುನಿಸಿಕೊಂಡೇ ಮಲಗೋಣವೆಂದು ಹೊದಿಕೆ ಎತ್ತಿದರೆ ನನ್ನ ಮಗ್ಗುಲಲ್ಲಿ ಬಿಸಿನೀರಿನ ಚೀಲ. ಸೊಂಟನೋವೆಂದು ನಿನ್ನೆ ಒಮ್ಮೆ ಗೊಣಗಿದ್ದೆ, ಅಷ್ಟೇ. ಇಷ್ಟು ಹೊತ್ತಾದರೂ ಬಿಸಿ ಆರಿಲ್ಲ. ನಡುವೆ ಎದ್ದು ನೀರು ಬದಲಾಯಿಸಿರಬೇಕು. ಈಗ ಅದಕ್ಕೇ ಒರಗಿ ಬರೆಯುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ. ಇವರನ್ನೂ ನಾನು ಒಂದೇ ಗೆರೆಯಲ್ಲಿ ಅಳೆದು…