ಗಿರಣಿ ಅಯ್ಯಣ್ಣನ ಮನೆಯ ರೊಟ್ಟಿ

ಸಗರ, ತಾ. ಶಹಾಪುರ
ಜಿ. ಯಾದಗಿರಿ
ರವಿವಾರ, ೧೬-೨-೨೦೨೫

ಪ್ರೀತಿಯ ಮಗಳು ಗುರುದೇವಿಗೆ,

ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಪರೇಡಿನಲ್ಲಿ ಬಿದ್ದೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದ್ದೆ. ಬಿಸಿ ನೀರಿಗೆ ಉಪ್ಪು ಹಾಕಿ ಶಾಖ ಕೊಡು, ಹುಡುಗಿಯರು ಕೊಟ್ಟ ಮುಲಾಮುಗಳನ್ನೆಲ್ಲ ಹಚ್ಚಬೇಡ. ಹೊಟ್ಟೆತುಂಬ ಉಣ್ಣು. ಇಲ್ಲಿ ನಿನ್ನ ಅವ್ವನ ಸೊಂಟ ನೋವು ಇದ್ದದ್ದೇ. ನನಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳಬೇಡ. ನಿಮ್ಮ ಪೊಲೀಸ್ ತರಬೇತಿ ಶಾಲೆಯವರು ರವಿವಾರ ಹತ್ತೇ ನಿಮಿಷ ಫೋನ್ ಕೊಡುತ್ತಾರೆ. ಅದರಲ್ಲಿ ಐದು ನಿಮಿಷ ನೀನು ಅಳುತ್ತೀ, ಉಳಿದ ಐದು ನಿಮಿಷ ನಾನು ಬೈಯುತ್ತೇನೆ, ಆಮೇಲೆ ನೀನು ಕಟ್ ಮಾಡುತ್ತೀ. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಷರ ಸೊಟ್ಟಗಿದ್ದರೆ ಸಾವಕಾಶ ಓದು. ನಿನ್ನ ಅವ್ವ ಪಕ್ಕದಲ್ಲೇ ಕೂತು ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದಾಳೆ. ಬರೆದದ್ದನ್ನೆಲ್ಲ ಓದಿ ಹೇಳಬೇಕಂತೆ, ಅದಕ್ಕೇ ಸಾಲಿಗೊಮ್ಮೆ ನಿಲ್ಲುತ್ತಿದ್ದೇನೆ.

ಮೊದಲು ನಿನ್ನ ಧಮಕಿಯ ಮಾತು. ಈ ತಿಂಗಳ ಕೊನೆಗೂ ನನ್ನ ಮಗಳು ಚಂದ್ರಿಯ ತೂಕ ಏರದಿದ್ದರೆ ತರಬೇತಿ ಬಿಟ್ಟು ಬರುತ್ತೇನೆ, ಅರ್ಜಿ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದೆಯಲ್ಲ, ಆ ಅರ್ಜಿಯನ್ನು ಹರಿದು ಒಲೆಗೆ ಹಾಕು. ಮೂರು ವರ್ಷ ನಸುಕಿನಲ್ಲಿ ಎದ್ದು ಶಹಾಪುರದ ರಸ್ತೆಗುಂಟ ಓಡಿದವಳು ನೀನು. ಮದುವೆಯಾಗಿ ಮಗು ಆದವಳು ಗಂಡಸರ ಬೂಟು ಹಾಕಿಕೊಂಡು ಓಡುತ್ತಾಳೆ ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ಅವರು ಈಗಲೂ ಅದೇ ಕಟ್ಟೆಯ ಮೇಲೆ ಕೂತಿದ್ದಾರೆ, ಬೇರೆ ಕೆಲಸ ಇದ್ದರಲ್ಲವೇ ಏಳುವುದು. ನೀನು ಅರ್ಧಕ್ಕೆ ಬಂದರೆ ಮೊದಲು ಹಲ್ಲು ತೋರಿಸುವವರು ಅವರೇ. ಆರು ವರ್ಷದ ಹುಡುಗಿಯೊಬ್ಬಳನ್ನು ನೋಡಿಕೊಳ್ಳಲು ಇಲ್ಲಿ ಎರಡು ಮುದಿ ಜೀವ ಇದ್ದೇವೆ, ನಾವೇನು ಸತ್ತಿದ್ದೇವೆಯೇ?

ಈ ಪಥ್ಯದ ಬಗ್ಗೆ ನನಗೆ ಮೊದಲಿನಿಂದ ಏನನ್ನಿಸಿದೆಯೋ ಅದನ್ನು ಬರೆದೇ ತೀರುತ್ತೇನೆ. ಹುಡುಗಿಯ ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು, ದಿನಕ್ಕೆ ಐದಾರು ಸಲ ಬಯಲಿಗೆ ಓಡುತ್ತಿದ್ದಳು, ಖರೆ. ಅದಕ್ಕೆ ಕಲಬುರಗಿಗೆ ಒಯ್ದಿರಿ. ಅಲ್ಲಿಯ ಡಾಕ್ಟರಮ್ಮ ರಕ್ತ ತೆಗೆದಳು, ಗಂಟಲಲ್ಲಿ ನಳಿಕೆ ಇಳಿಸಿದಳು, ಕೊನೆಗೆ ಹೇಳಿದ್ದೇನು? ಗೋಧಿ ಈ ಹುಡುಗಿಯ ಕರುಳಿಗೆ ಆಗದು, ಜೀವ ಇರುವತನಕ ಗೋಧಿ ಮುಟ್ಟಬಾರದು, ಚಿಟಿಕೆಯಷ್ಟೂ ಕೂಡದು. ಇಪ್ಪತ್ತೆಂಟು ವರ್ಷವೂ ತುಂಬಿರಲಿಕ್ಕಿಲ್ಲ ಆ ಹೆಣ್ಣುಮಗಳಿಗೆ. ನಲವತ್ತು ವರ್ಷದಿಂದ ಗಿರಣಿ ನಡೆಸುವವನ ಮುಂದೆ ಕೂತು ಧಾನ್ಯದ ಗುಣ ಹೇಳುತ್ತಾಳೆ. ನೀನು ಅದನ್ನು ವೇದವಾಕ್ಯ ಎಂದು ತಿಳಿದು ಹೋಗುವ ಮುಂಚೆ ದೊಡ್ಡ ಚೀಟಿ ಬರೆದು ಅಡುಗೆ ಮನೆಯ ಗೋಡೆಗೆ ಅಂಟಿಸಿದೆ. ಚಪಾತಿ ಬೇಡ, ಬ್ರೆಡ್ ಬೇಡ, ಬಿಸ್ಕೀಟು ಬೇಡ, ಉಪ್ಪಿಟ್ಟು ಬೇಡ, ಶಾವಿಗೆ ಬೇಡ, ಹೋಳಿಗೆ ಬೇಡ, ಮಾದಲಿ ಬೇಡ. ಅಂಗಡಿಯ ಹಿಂಗೂ ಬೇಡವಂತೆ, ಅದರಲ್ಲಿ ಗೋಧಿ ಹಿಟ್ಟು ಕಲಸಿರುತ್ತಾರಂತೆ. ಹೊಟ್ಟೆನೋವಿಗೆ ಮಜ್ಜಿಗೆಯಲ್ಲಿ ಹಿಂಗು ಕದಡಿ ಕುಡಿಸುವುದು ನನ್ನ ಅವ್ವನ ಕಾಲದಿಂದ ಬಂದದ್ದು. ಹೊಟ್ಟೆಯ ಔಷಧಿಯೇ ಹೊಟ್ಟೆಗೆ ವೈರಿಯಾದ ಕಾಲ ಇದು ಎಂದು ಆ ಚೀಟಿಯ ಮುಂದೆ ನಿಂತು ಎಷ್ಟು ಸಲ ನಕ್ಕೆನೋ.

ಇನ್ನು ನಿನ್ನ ಗಂಡ. ಸಂಗಮನಾಥ ಶಾಲೆಯ ಕ್ಲಾರ್ಕ್ ಇರಬಹುದು, ಸುರಪುರದಲ್ಲಿ ಅವನ ಸಹಿಗೆ ಬೆಲೆ ಇರಬಹುದು. ನನ್ನ ಮನೆಯಲ್ಲಿ ಅವನಿಗೆ ಬುದ್ಧಿ ಅಷ್ಟಕ್ಕಷ್ಟೇ. ಪ್ರತಿ ಶನಿವಾರ ಬಸ್ಸಿನಿಂದ ಇಳಿಯುತ್ತಾನೆ, ಕೈಯಲ್ಲಿ ಬಣ್ಣದ ಚೀಲ. ‘ಮಾವಾರ, ಇದರಾಗ ಗೋಧಿ ಇಲ್ರಿ, ಆನ್‌ಲೈನ್ ತರಸೀನ್ರಿ, ಬರಾಕ ಎಂಟು ದಿನ ಹಿಡಿತು’ ಎಂದು ಒಂದು ಬಿಸ್ಕೀಟಿನ ಪುಡಿಕೆ ತೆಗೆದ. ತಿರುವಿ ನೋಡಿದರೆ ಮೇಲೆ ಜೋಳದ ತೆನೆಯ ಚಿತ್ರ! ನಮ್ಮ ಹೊಲದ ಬದುವಿನ ಮೇಲೆ ಬೆಳೆಯುವ ಜೋಳವನ್ನು ಎಲ್ಲಿಯೋ ಡೆಲ್ಲಿಯಲ್ಲಿ ಪುಡಿಕೆ ಕಟ್ಟಿಸಿ ಎಂಟು ದಿನ ಕಾದು ತರಿಸಿಕೊಂಡಿದ್ದಾನೆ ಮಹಾರಾಯ. ‘ಜ್ವಾಳ ಬೇಕಿದ್ರ ನನ್ನ ಕೇಳಬೇಕಿತ್ತಲ್ಲೋ, ಚೀಲ ಹೊತ್ತುಕೊಂಡು ಬಂದು ಕೊಡ್ತಿದ್ದೆ’ ಎಂದೆ. ಮುಖ ಸಣ್ಣದು ಮಾಡಿದ. ಚಂದ್ರಿ ಒಂದು ಕಚ್ಚಿ ‘ಮುತ್ಯಾ, ಇದು ಗೋಡಿ ಸುಣ್ಣ ಇದ್ದಂಗ ಐತಿ’ ಎಂದಳು. ಉಳಿದದ್ದನ್ನು ಎಮ್ಮೆಗೆ ಹಾಕಿದೆ. ಎಮ್ಮೆಯೂ ಮೂಸಿ ನೋಡಿ ಬಿಟ್ಟಿತು.

ಆದರೆ ಹುಡುಗಿ ಮಾತ್ರ ನಿನ್ನ ಚೀಟಿಯನ್ನು ಬಾಯಿಪಾಠ ಮಾಡಿದ್ದಾಳೆ, ಅದನ್ನು ಹೇಳದಿದ್ದರೆ ನಾನು ಸುಳ್ಳನಾಗುತ್ತೇನೆ. ಸಂಕ್ರಾಂತಿಗೆ ರಾಮಸಮುದ್ರದಿಂದ ನನ್ನ ತಂಗಿ ನಾಗರತ್ನಾ ಬಂದಿದ್ದಳು, ತುಪ್ಪ ಸುರಿದ ಗೋಧಿ ಮಾದಲಿ ತಂದಿದ್ದಳು. ‘ಒಂದು ತುತ್ತಿಗೆ ಏನಾಗತೈತಿ ತಿನ್ನು, ಯಾರರ ನೋಡಾಕತ್ತಾರೇನು’ ಎಂದು ಬಾಯಿಯ ಹತ್ತಿರ ಒಯ್ದಳು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ತುಟಿ ಬಿಗಿದು ನಿಂತಳು, ನಿಮ್ಮ ಪರೇಡಿನಲ್ಲಿ ನಿಲ್ಲುತ್ತಾರಲ್ಲ ಹಾಗೆ. ‘ನಮ್ಮವ್ವ ಅಲ್ಲಿ ಅಕಿದು ಮಾಡಾಕತ್ತಾಳ, ನಾ ಇಲ್ಲಿ ನಂದು ಮಾಡಾಕತ್ತೀನಿ’ ಎಂದಳು. ನನ್ನ ತಂಗಿ ಸೀರೆಯ ಪದರು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ಅವತ್ತು ಯಾಕೆ ನಕ್ಕೆ ಎಂದು ಈಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಸಂಕ್ರಾಂತಿ ಆದ ಮೇಲೆ ಎರಡನೆಯ ಸಲ ಕಲಬುರಗಿಗೆ ಹೋದದ್ದು ನಿನಗೆ ಗೊತ್ತು, ಆದರೆ ಅಲ್ಲಿ ನಡೆದದ್ದು ಅರ್ಧ ಮಾತ್ರ ಗೊತ್ತು. ತೂಕ ಏರಿರಲಿಲ್ಲ, ರಕ್ತದ ರಿಪೋರ್ಟೂ ಇದ್ದಲ್ಲೇ ಇತ್ತು. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು, ‘ಮನೆಯಲ್ಲಿ ಎಲ್ಲಿಂದಲೋ ಗೋಧಿ ಈ ಮಗುವಿನ ಬಾಯಿಗೆ ಹೋಗ್ತಾ ಇದೆ’ ಎಂದಳು. ಜೋಳ ಎಲ್ಲಿ ಬೀಸುತ್ತೀರಿ ಎಂದೂ ಕೇಳಿದಳು. ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟೆ. ಹೊರಗೆ ಬಂದ ಮೇಲೆ ನಿನ್ನ ಗಂಡ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೆಲ ನೋಡುತ್ತ, ‘ಅತ್ತಿಯಾರು ಮಮತೆಗೆ ಬಿದ್ದು ಚಂದ್ರಿಗೆ ಏನರ ಕದ್ದು ಕೊಡತಾರೇನ್ರಿ’ ಎಂದ. ಅವತ್ತು ಅವನ ಕೆನ್ನೆ ಉಳಿದದ್ದು ಅವನ ಪುಣ್ಯ. ಅವನು ಆ ಮಾತನ್ನು ನಿನ್ನ ಕಿವಿಗೂ ಹಾಕಿದ, ನೀನೂ ಮುಂದಿನ ರವಿವಾರ ನಿನ್ನ ಅವ್ವನಿಗೆ ‘ನೀನೇ ನನ್ನ ಮಗಳನ್ನ ಕೊಲ್ಲಾಕತ್ತಿ’ ಎಂದೆ. ಅವಳು ಫೋನ್ ಇಟ್ಟು ಒಲೆಯ ಮುಂದೆ ಕೂತಳು. ಅವತ್ತು ಉಣ್ಣಲಿಲ್ಲ. ಇದನ್ನು ಬರೆಯಬೇಡ ಎಂದು ಈಗ ಪಲ್ಲೆ ಬಿಟ್ಟು ನನ್ನ ಕೈ ಹಿಡಿಯುತ್ತಿದ್ದಾಳೆ. ಬರೆಯುತ್ತೇನೆ.

ಈಗ ಒಳ್ಳೆಯ ಸುದ್ದಿ. ಕಲಬುರಗಿಯಿಂದ ಬಂದು ಎರಡು ದಿನಕ್ಕೆ ಹಿತ್ತಲಲ್ಲಿ ಬಿದ್ದಿದ್ದ ನನ್ನ ಅವ್ವನ ಬೀಸುಕಲ್ಲನ್ನು ಉರುಳಿಸಿ ತಂದೆ. ತೊಳೆದೆ, ಒಣಗಿಸಿದೆ, ಹೊಸ ಗೂಟ ಬಡಿದೆ. ಗಿರಣಿಯ ಬಿಸಿಗೆ ಹಿಟ್ಟಿನ ಕಸುವು ಹೋಗುತ್ತದೆ, ಹಸುಳೆಗೆ ತಂಪು ಹಿಟ್ಟು ಬೇಕು ಎಂದು ನಿನ್ನ ಅವ್ವನಿಗೆ ಹೇಳಿದೆ. ನಾಲ್ಕು ವಾರದಿಂದ ದಿನಾ ಬೆಳಿಗ್ಗೆ ನಾನೇ ಕೂತು ಜೋಳ ಬೀಸುತ್ತೇನೆ. ಚಂದ್ರಿ ಎದುರಿಗೆ ಕೂತು ಕಾಳು ಹಾಕುತ್ತಾಳೆ, ಗೂಟಕ್ಕೆ ತನ್ನದೂ ಒಂದು ಕೈ ಹಚ್ಚುತ್ತಾಳೆ. ಊರ ಬೀಸುಕಲ್ಲುಗಳನ್ನೆಲ್ಲ ಮೂಲೆಗೆ ಹಚ್ಚಿದ ಗಿರಣಿ ಅಯ್ಯಣ್ಣ ಈಗ ತಾನೇ ಹೆಂಗಸರಂತೆ ಕಾಲು ಚಾಚಿ ಬೀಸುತ್ತಾನೆ ಎಂದು ಕಟ್ಟೆಯ ಮೇಲಿನವರಿಗೆ ಹಬ್ಬ. ಭೀಮು ಅಂತೂ ‘ಅಯ್ಯಣ್ಣಾ, ಒಂದು ಹಾಡು ಹೇಳೋ’ ಎಂದ. ‘ನಿನ್ನ ಬಾಯಿಗೆ ಕಾಳು ಹಾಕಿ ಬೀಸಿಬಿಡ್ತೀನಿ’ ಎಂದೆ. ರಟ್ಟೆ ಉರಿಯುತ್ತವೆ, ಉರಿಯಲಿ. ಪ್ರತಿ ಸೋಮವಾರ ಹುಡುಗಿಯನ್ನು ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸುತ್ತೇನೆ. ಕಲ್ಲು ತಂದ ದಿನ ಹದಿಮೂರೂವರೆ ಕಿಲೋ ಇದ್ದಳು. ಹೋದ ಸೋಮವಾರ ಹದಿನಾಲ್ಕು ಕಿಲೋ ಮುನ್ನೂರು ಗ್ರಾಂ. ‘ನಿನ್ನ ಗಿರಣಿ ತಕ್ಕಡಿಯ ಮಾತು ಬೇಡ’ ಎಂದು ಫೋನಿನಲ್ಲಿ ಅಂದೆಯಲ್ಲ, ಅದಕ್ಕೇ ನಿನ್ನೆ ನಿನ್ನ ಗಂಡನೊಂದಿಗೆ ಶಹಾಪುರದ ದವಾಖಾನೆಗೆ ಕಳಿಸಿ ತೂಗಿಸಿದೆ. ಅಲ್ಲಿ ಐವತ್ತು ಗ್ರಾಂ ಹೆಚ್ಚೇ ಬಂತು, ಅವರ ತಕ್ಕಡಿ ಸರಿ ಇಲ್ಲ. ನರ್ಸು ಬರೆದುಕೊಟ್ಟ ಚೀಟಿ ಇದರ ಜೊತೆ ಇಟ್ಟಿದ್ದೇನೆ. ಬಯಲಿಗೆ ಓಡುವುದು ನಿಂತಿದೆ. ಮೊನ್ನೆ ಶಾಲೆಯಿಂದ ಬಂದವಳು ಚೀಲ ಎಸೆದು ‘ಹಸಿವು’ ಎಂದು ಕೂಗಿದಳು. ಆ ಹುಡುಗಿಯ ಬಾಯಿಂದ ಆ ಮಾತು ನಾನು ಕೇಳಿ ಎರಡು ವರ್ಷ ಆಗಿತ್ತು.

ಒಂದೇ ಕೊರತೆ. ನಿನ್ನ ಅವ್ವನ ರೊಟ್ಟಿ ಹರಿಯುತ್ತಿವೆ. ಸಗರದಲ್ಲಿ ದೇವಕ್ಕನಂತೆ ಹೂವಿನೆಸಳಿನ ಹಾಗೆ ರೊಟ್ಟಿ ಬಡಿಯುವವರಿಲ್ಲ ಎಂದು ಮದುವೆ ಮನೆಗಳಿಗೆ ಕರೆಯುತ್ತಿದ್ದರಲ್ಲ, ಈಗ ಹೆಂಚಿಗೆ ಹಾಕುವಷ್ಟರಲ್ಲಿ ಅಂಚು ಬಿಡುತ್ತವೆ, ನಡುವೆ ಸೀಳುತ್ತವೆ. ‘ಕೈ ಹೋತು ನಂದು, ವಯಸ್ಸಾತು’ ಎನ್ನುತ್ತ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ. ಹರಿದದ್ದನ್ನೇ ಉಣ್ಣುತ್ತೇವೆ, ಹೊಟ್ಟೆಗೆ ಹೋದ ಮೇಲೆ ಎಲ್ಲ ಹರಿದದ್ದೇ.

ಊರಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ಚಂದ್ರಿ ಕೆಳಗೆ ತನ್ನ ಹೆಸರನ್ನು ‘ಚಂದ್ರಭಾಗಾ’ ಎಂದು ಪೂರ್ತಿ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನನಗಿಂತ ಅಕ್ಷರ ನೆಟ್ಟಗಿವೆ. ನಿನ್ನ ಅವ್ವನ ಆಶೀರ್ವಾದ, ನನ್ನದೂ. ಹೆದರದೆ ಓಡು, ಬಿದ್ದರೆ ಎದ್ದು ಓಡು.

ನಿನ್ನ ಅಪ್ಪ,
ಅಯ್ಯಣ್ಣ
(ಗಿರಣಿ)

ಚಂದ್ರಭಾಗಾ

ತಾ.ಕ.: ಮೇಲಿನದೆಲ್ಲ ಓದಿ ಹೇಳಿದ್ದಾಯಿತು. ನಿನ್ನ ಅವ್ವ ಚಂದ್ರಿಯನ್ನು ಕರೆದುಕೊಂಡು ನೀರಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಚೀಟಿಯ ಕೊನೆಯ ಸಾಲು ಒಂದನ್ನು ಮೇಲೆ ಬರೆಯಲಿಲ್ಲ: ‘ಅಪ್ಪಾ, ನಮ್ಮ ಜೋಳವನ್ನು ಗೋಧಿ ಬೀಸಿದ ಕಲ್ಲಿಗೆ ಹಾಕಬೇಡ.’ ಅದನ್ನು ನಾನು ಮೊದಲ ದಿನವೇ ಓದಿದ್ದೆ. ಗಿರಣಿಯ ವಿಷಯ ನನಗೆ ಹೇಳಲು ಇವಳು ಯಾರು ಎಂದು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ. ಹಳೆಯ ಜೋಳಕ್ಕೆ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತವೆ; ಗೋಧಿ ಬೆರೆತರೆ ಹಿಟ್ಟು ಅಂಟಿ ಬರುತ್ತದೆ. ಅದಕ್ಕೇ ನಮ್ಮ ಮನೆಯ ಜೋಳವನ್ನು ನಾನು ಯಾವಾಗಲೂ ಯಾರದಾದರೂ ಗೋಧಿ ಬೀಸಿದ ಬೆನ್ನಿಗೇ ಹಾಕುತ್ತಿದ್ದೆ, ಮೇಲೊಂದು ಹಿಡಿ ಗೋಧಿ ಸೇರಿಸುತ್ತಿದ್ದೆ. ಮದುವೆಯಾದ ವರ್ಷದಿಂದ ಹೀಗೇ. ರೊಟ್ಟಿ ಹರಿದವೆಂದು ನನ್ನ ಅವ್ವ ನಿನ್ನ ಅವ್ವನನ್ನು ಬೈಯುವುದನ್ನು ನೋಡಲಾಗದೆ ಹಚ್ಚಿಕೊಂಡ ಚಟ, ಯಾರಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ಕೇಳಿದಾಗ ಬೇರೆಯೇ ಬೀಸುತ್ತೇನೆ ಎಂದು ಅವಳ ಮುಖಕ್ಕೆ ಹೊಡೆದಂತೆ ಸುಳ್ಳು ಹೇಳಿದೆ. ಒಂದು ಹಿಡಿಗೆ ಏನಾಗುತ್ತದೆ ಎಂದುಕೊಂಡಿದ್ದೆ, ನನ್ನ ತಂಗಿ ಒಂದು ತುತ್ತಿಗೆ ಏನಾಗುತ್ತದೆ ಎಂದಳಲ್ಲ ಹಾಗೇ. ಕಲಬುರಗಿಯಿಂದ ಬಂದ ಮರುದಿನ ನಮ್ಮ ಓಣಿಯ ಮಕ್ತುಂಬಿ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಬಂದವಳು, ‘ನಂದೂ ಗೋಧಿ ಹಿಂದ ಹಾಕಪಾ, ದೇವಕ್ಕಗ ಹಾಕಿ ಕೊಡ್ತಿ ನೋಡು ಹಂಗ. ನಿನ್ನ ಕಳ್ಳತನ ನನಗ ಗೊತ್ತಿಲ್ಲೇನು? ಮೊಮ್ಮಗಳು ಸೊರಗಾಕತ್ತಾಳ ಅಂತಿ, ಒಳ್ಳೆ ರೊಟ್ಟಿ ತಿನಸು’ ಎಂದು ನಕ್ಕಳು. ಗಿರಣಿ ನಿಲ್ಲಿಸಿ ಪಟ್ಟಾ ಬಿಚ್ಚಿ ಕೂತುಬಿಟ್ಟೆ. ನಿನ್ನ ಮಗಳು ಮಾದಲಿಗೆ ತುಟಿ ಬಿಗಿದು ನಿಂತ ದಿನವೂ ನಾನು ಅವಳ ತಾಟಿಗೆ ಗೋಧಿಯನ್ನೇ ಬಡಿಸಿದ್ದೆ.

ತಪ್ಪು ನಿನ್ನದಲ್ಲ, ನಿನ್ನ ಗಂಡನದಲ್ಲ, ನಿನ್ನ ಅವ್ವನದಂತೂ ಅಲ್ಲವೇ ಅಲ್ಲ. ಅವಳ ಕೈಯೂ ಹೋಗಿಲ್ಲ. ಶಿವರಾತ್ರಿ ಹೊತ್ತಿಗೆ ಹೊಸ ಜೋಳ ಬರುತ್ತದೆ, ರೊಟ್ಟಿ ತಾವೇ ಕೂಡುತ್ತವೆ, ಅವತ್ತು ನಾನೇ ಅವಳಿಗೆ ಹೇಳುತ್ತೇನೆ. ಅಲ್ಲಿಯತನಕ ನೀನು ಬಾಯಿ ಬಿಡಬೇಡ, ಆದರೆ ಮುಂದಿನ ರವಿವಾರ ಮೊದಲು ಅವಳ ಹತ್ತಿರ ಮಾತಾಡು, ಕೊಲ್ಲಾಕತ್ತಿ ಎಂದದ್ದನ್ನು ಹಿಂದೆ ತೆಗೆದುಕೋ. ಡಾಕ್ಟರಮ್ಮನಿಗೆ ನಾನೇ ಹೋಗಿ ಹೇಳಿ ಬರುತ್ತೇನೆ, ಉಗಿದರೆ ಉಗಿಸಿಕೊಳ್ಳುತ್ತೇನೆ. ಕೊಡದ ಸಪ್ಪಳ ಕೇಳುತ್ತಿದೆ, ಬಂದರು. ನನ್ನನ್ನು ಬೈಯಬೇಕಿದ್ದರೆ ಪೊಲೀಸ್ ಡ್ರೆಸ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತು ಬೈ, ತಲೆ ತಗ್ಗಿಸಿ ಕೇಳುತ್ತೇನೆ. ಡ್ರೆಸ್ ಇಲ್ಲದೆ ಬಂದರೆ ಬಾಗಿಲು ತೆಗೆಯುವುದಿಲ್ಲ.