ನೆಲಮಾಳಿಗೆಗೊಂದು ಓಟು

ಮನೆ, ಮಹಡಿಯ ಹಿಂದಿನ ಕೋಣೆ
ಮಂಗಳವಾರ, ಮಾರ್ಚ್ 4

ನನ್ನ ಮುದ್ದಿನ ಗುಬ್ಬೀ,

ಹೇಗಿದ್ದೀಯಮ್ಮಾ? ಕೆಮ್ಮು ನಿಜವಾಗಿ ಹೋಯಿತೇ, ಇಲ್ಲ ಹೋಯಿತೆಂದು ನಮಗೆ ಹೇಳಿ ಹಾಸ್ಟೆಲಿನಲ್ಲಿ ಕೆಮ್ಮುತ್ತಾ ಕೂತಿದ್ದೀಯೋ? ನಾನು ಗಟ್ಟಿಮುಟ್ಟಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನು ಮಾಡದೆ ತಾತ ಕಾಗದ ಬರೆದನೇಕೆ ಎಂದು ಹುಬ್ಬೇರಿಸಬೇಡ. ನಿನ್ನಪ್ಪ ಪಕ್ಕದ ಕೋಣೆಯಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದಾನೆ, ಅವನ ಕಿವಿಯೋ ಬಲು ಚುರುಕು.

ಕಂಪನಿ ಮಾರಿದ ಮೇಲೆ ನಿನ್ನ ಅಪ್ಪ ಅಮ್ಮ ದಾನಕ್ಕೆಂದು ಕಟ್ಟಿದ ಪ್ರತಿಷ್ಠಾನದಲ್ಲಿ ನಾಲ್ಕು ಓಟುಗಳಿರುವುದು ನಿನಗೆ ಗೊತ್ತೇ ಇದೆ. ಅವರಿಬ್ಬರದು, ನನ್ನದು, ನಿನ್ನಮ್ಮನ ಅಪ್ಪ, ಅಂದರೆ ನಮ್ಮ ಬೀಗರದು. ಈ ಸಲ ದೊಡ್ಡಾಸ್ಪತ್ರೆಗೆ ಕೊಡುವುದೆಂದು ಎಲ್ಲರೂ ಒಪ್ಪಿದೆವು. ಏನು ಕೊಡುವುದು ಎನ್ನುವಲ್ಲಿ ಜಗಳ ಶುರುವಾಯಿತು. ನಿನ್ನಪ್ಪನಿಗೆ ಮುಂಬಾಗಿಲ ಪಕ್ಕದ ಹೊಸ ಕೋಣೆಗೆ ಸ್ಕ್ಯಾನಿಂಗ್ ಯಂತ್ರ ಕೊಡಿಸುವ ಆಸೆ. ನನಗೆ ನೆಲಮಾಳಿಗೆಯ ಲಾಂಡ್ರಿಗೆ ಒಗೆಯುವ, ಒಣಗಿಸುವ ಯಂತ್ರಗಳು ಬೇಕು. ಮೂವತ್ತೊಂದು ವರ್ಷ ಅಲ್ಲಿ ಚಾದರ ಒಗೆದವನು ನಾನು. ಸ್ವಾರ್ಥ ಎನ್ನುವುದಾದರೆ ಅನ್ನು, ಬೇಜಾರಿಲ್ಲ.

ಹೋದ ವಾರ ಎಲ್ಲರೂ ಆಸ್ಪತ್ರೆ ನೋಡಲು ಹೋದೆವು. ದೊಡ್ಡ ಡಾಕ್ಟರು ನಿನ್ನಪ್ಪನಿಗೆ ಹೊಸ ಕೋಣೆ ತೋರಿಸುತ್ತಾ ನಿಂತಾಗ ನಾನು ನಿನ್ನಮ್ಮನನ್ನು ಮೆಲ್ಲಗೆ ಕೆಳಗೆ ಕರೆದುಕೊಂಡು ಹೋದೆ. ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವಳೇ ಈಗ ಲಾಂಡ್ರಿಯ ಮುಖ್ಯಸ್ಥೆ. ನಾಲ್ಕು ಯಂತ್ರಗಳಲ್ಲಿ ಎರಡು ಕೆಟ್ಟು ಕೂತಿವೆ. ಪೈಪಿನಿಂದ ಪೈಪಿಗೆ ಹಗ್ಗ ಕಟ್ಟಿ ಚಾದರ ಹರವಿದ್ದಾರೆ. "ಮೇಲೆ ಮಂಚ ಖಾಲಿ ಇರುತ್ತೆ ಮೇಡಂ, ಪೇಷೆಂಟು ಬೆಂಚಿನ ಮೇಲೆ ಕೂತಿರ್ತಾರೆ. ಇದು ಒಣಗಲಿ ಅಂತ ಕಾಯೋದೇ ಕೆಲಸ" ಎಂದಳು. ನಿನ್ನಮ್ಮ ಒಂದು ಚಾದರ ಹಿಂಡಿ ನೋಡಿದಳು. ಮೆಟ್ಟಿಲು ಹತ್ತುವಾಗ "ಸ್ಕ್ಯಾನ್ ಇಲ್ಲದೆ ಜನ ಸಾಯ್ತಾರೆ ಮಾವಾ" ಎಂದಳು. ಅದೂ ಸುಳ್ಳಲ್ಲ, ಗುಬ್ಬೀ. ಹಾಗಾಗಿ ಅವಳ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ, ಅದೇ ನನ್ನ ಕಷ್ಟ.

ಭಾನುವಾರ ಸಭೆ. ನಿನ್ನಪ್ಪ ಗೋಡೆಯ ಮೇಲೆ ಪಟ್ಟಿ ತೋರಿಸಿದ. ಅದರಲ್ಲಿ 'ಉಳಿಯುವ ಜೀವಗಳು' ಎಂಬ ಕಾಲಮ್ಮಿನಲ್ಲಿ ಸ್ಕ್ಯಾನಿಂಗಿಗೆ ದೊಡ್ಡ ಸಂಖ್ಯೆ, ಲಾಂಡ್ರಿಗೆ ಸೊನ್ನೆ! ಒಣ ಚಾದರದಿಂದ ಎಷ್ಟು ಜೀವ ಉಳಿಯುತ್ತದೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಖಾಲಿ ಜಾಗ ಕಂಡು ಆ ಕಂಪ್ಯೂಟರೇ ಸೊನ್ನೆ ಹಾಕಿತ್ತಂತೆ. ಆಗ ನಮ್ಮ ಬೀಗರು ಎದ್ದರು. ಎಷ್ಟಾದರೂ ಗಣಿತದ ಮೇಷ್ಟ್ರು! "ಅಳಿಯಂದ್ರೇ, ಗೊತ್ತಿಲ್ಲ ಅನ್ನೋದು ಬೇರೆ, ಸೊನ್ನೆ ಅನ್ನೋದು ಬೇರೆ. ಏಳನೇ ಕ್ಲಾಸಿನ ಮಕ್ಕಳಿಗೂ ಇದು ಗೊತ್ತು" ಎಂದುಬಿಟ್ಟರು. ಇಪ್ಪತ್ತು ವರ್ಷದ ನೆಂಟಸ್ತನದಲ್ಲಿ ಅವರು ನನ್ನ ಪಕ್ಷ ವಹಿಸಿದ್ದು ಇದೇ ಮೊದಲು. ನಿನ್ನಪ್ಪ ಕೆಂಪಗಾಗಿ ಅಲ್ಲೇ ಸೊನ್ನೆ ಅಳಿಸಿದ. ಓಟು ಮಾತ್ರ ಬದಲಿಸಲಿಲ್ಲ. ಎರಡಕ್ಕೆ ಎರಡಾಗಿ ನಿಂತಿದೆ.

ಸಮಸಮ ಬಂದರೆ ಐದನೇ ಓಟು ನಿನ್ನದು, ನಿನಗೆ ಹದಿನೆಂಟು ತುಂಬಿರಬೇಕು ಎಂದು ಪ್ರತಿಷ್ಠಾನದ ನಿಯಮದಲ್ಲೇ ಇದೆ. ಹೋದ ತಿಂಗಳಷ್ಟೇ ನಿನಗೆ ಹದಿನೆಂಟು ತುಂಬಿತಲ್ಲ. ಶನಿವಾರ ಮಧ್ಯಾಹ್ನದೊಳಗೆ ತಿಳಿಸಬೇಕು. ನಿನ್ನಪ್ಪ ಆ ಪಟ್ಟಿ ಕಳಿಸುತ್ತಾನೆ, ತಾಳ್ಮೆಯಿಂದ ಓದು. ನಿನ್ನನ್ನು ಬುಟ್ಟಿಗೆ ಹಾಕಿಕೊಳ್ಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಸುಳ್ಳೇಕೆ, ಅದಕ್ಕೇ ಬರೆಯುತ್ತಿರುವುದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಯಸ್ಸು, ವಿದ್ಯೆ, ನೀನು ಉದುರುತ್ತಿದೆ ಎಂದು ಅಳುವ ಆ ತಲೆಗೂದಲು, ಎಲ್ಲವೂ ಚೆನ್ನಾಗಿ ಬೆಳೆಯಲಿ.

ಇಂತಿ,
ನಿನ್ನ ಲಾಂಡ್ರಿ ತಾತ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನೀನು ಐದನೇ ಕ್ಲಾಸಿನಲ್ಲಿದ್ದಾಗ ನಿನ್ನಜ್ಜಿ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳಲ್ಲ, ಆ ವಾರವೂ ಯಂತ್ರ ಕೈಕೊಟ್ಟಿತ್ತು. ಅವಳಿಗೆ ನಾನು ಹಾಸಿದ್ದು ಒದ್ದೆ ಚಾದರ. ಚಳಿ ಎಂದಳು. ಆಮೇಲೆ "ನೀವೇ ಒಗೆದದ್ದಾ? ಹಾಗಾದ್ರೆ ಇರಲಿ ಬಿಡಿ" ಎಂದಳು. ನಿನ್ನಪ್ಪನಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಈ ಕ್ಷಣವೇ ಓಟು ಬದಲಿಸುತ್ತಾನೆ, ಆಮೇಲೆ ಬದುಕಿರುವಷ್ಟು ದಿನ ಕೊರಗುತ್ತಾನೆ. ಮಗನನ್ನು ಅಳಿಸಿ ಗೆಲ್ಲುವುದು ನನಗೆ ಬೇಡ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಓದಿದ ಮೇಲೆ ಇದನ್ನು ಹರಿದುಹಾಕು.