ಕೇಳುವವರ ಕಿವಿ

ಕ್ಲಿನಿಕ್ಕಿನ ಹಿಂದಿನ ಕೋಣೆ,
ಜನವರಿ ೧೨, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ನಿಜವಾಗಿಯೂ ಇಳಿಯಿತೋ, ಇಲ್ಲ "ಏನಿಲ್ಲ, ಏನಿಲ್ಲ" ಅನ್ನುತ್ತಲೇ ತುಂಬಿದ ಬಕೆಟ್ ಎತ್ತುತ್ತಿದ್ದೀಯೋ? ನಿನ್ನ "ಏನಿಲ್ಲ"ದ ಅರ್ಥ ನನಗೆ ಗೊತ್ತು. ಭಾವನ ಕೆಮ್ಮು ಹೇಗಿದೆ? ದೊಡ್ಡ ಮಗಳ ಹಲ್ಲಿಗೆ ಹಾಕಿದ ತಂತಿ ಬಿಗಿಯುತ್ತಿದೆ ಎಂದು ನೀನು ಬರೆದಿದ್ದೆ. ಅದು ಬಿಗಿಯಲೇಬೇಕು, ಹೆದರಬೇಡಿ. ಎರಡು ದಿನ ಮೆತ್ತಗಿನದನ್ನೇ ತಿನ್ನಲಿ. ಚಿಕ್ಕವನು ಅವಳನ್ನು "ತಂತಿಬೇಲಿ" ಎಂದು ಕರೆಯುತ್ತಾನಂತೆ. ಅವನ ಶಾಶ್ವತ ಹಲ್ಲುಗಳೂ ಇನ್ನೂ ಬರಬೇಕಾಗಿವೆ, ಸ್ವಲ್ಪ ನೋಡಿಕೊಂಡು ಮಾತಾಡಲಿ ಎಂದು ಮಾವ ಹೇಳಿದ ಅಂತ ಹೇಳು. ಅಮ್ಮ ಗಟ್ಟಿಯಾಗಿದ್ದಾಳೆ. ನನ್ನನ್ನು ಬೈಯುವಾಗ ದನಿ ಒಂದಿಷ್ಟೂ ನಡುಗುವುದಿಲ್ಲ. ಅದಕ್ಕಿಂತ ಒಳ್ಳೆಯ ಆರೋಗ್ಯದ ಗುರುತು ಇನ್ನೇನು ಬೇಕು?

ಈಗ ಸುದ್ದಿ. ಅಕ್ಕಾ, ನನ್ನನ್ನು ತೆಗೆದುಕೊಂಡರು! ದಂತವೈದ್ಯಕೀಯದಲ್ಲಿ ಸಂಶೋಧನೆ ಮಾಡಲು, ವಿಶ್ವವಿದ್ಯಾಲಯದ ದೊಡ್ಡ ಡೆಂಟಲ್ ಕಾಲೇಜಿನಲ್ಲಿ. ಮೊದಲು ಸಂಶೋಧನಾ ಸ್ನಾತಕೋತ್ತರ ಪದವಿಗೆ ಹೆಸರು ಬರೆದುಕೊಳ್ಳುತ್ತಾರೆ. ಕೆಲಸ ನೋಡಿ, ಮೆಚ್ಚಿಕೊಂಡರೆ, ಅದನ್ನೇ ಪಿಎಚ್‌ಡಿಗೆ ಏರಿಸುತ್ತಾರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮೊದಲ ವಾಕ್ಯಕ್ಕೇ ಅಳಲು ಶುರುಮಾಡುತ್ತೀಯ, ಆಮೇಲೆ ನಾನೂ ಅಳುತ್ತೇನೆ, ಭಾವ ಗಾಬರಿಯಾಗಿ ಯಾರಿಗೆ ಏನಾಯಿತು ಎಂದು ಕೇಳುತ್ತಾರೆ. ಕಾಗದವೇ ವಾಸಿ. ಅಮ್ಮನಿಗೆ ಹೇಳಿದ ದಿನವೇ ಅವಳು ಪಕ್ಕದ ಮನೆಯ ಟೈಲರಮ್ಮನಿಗೆ "ನನ್ನ ಮಗ ಮತ್ತೆ ಕಾಲೇಜಿಗೆ ಹೋಗ್ತಾನೆ" ಎಂದು ಸಾರಿದಳು. ಆಕೆ ಮುಖ ಸಣ್ಣದು ಮಾಡಿಕೊಂಡು, "ಅಯ್ಯೋ ಪಾಪ, ಹೋದ ಸಲ ಫೇಲಾಗಿದ್ರಾ ಡಾಕ್ಟ್ರು?" ಎಂದು ಕೇಳಿದರಂತೆ. ಅವತ್ತಿನಿಂದ ಅಮ್ಮ ಅವರ ಹತ್ತಿರ ಮಾತು ಬಿಟ್ಟಿದ್ದಾಳೆ.

ಇದರಲ್ಲಿ ನಿನ್ನ ಪಾಲು ಎಷ್ಟಿದೆ ಎಂದು ನಿನಗೇ ಗೊತ್ತಿಲ್ಲ. ಅದನ್ನು ಹೇಳಲಿಕ್ಕೇ ಇವತ್ತು ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು, ಹಲ್ಲಿನ ಅಚ್ಚು ತೆಗೆಯುವ ಮೇಜನ್ನು ಒರೆಸಿಕೊಂಡು ಕೂತಿದ್ದೇನೆ. ಕಾಗದದ ಮೇಲೆ ಅಲ್ಲಲ್ಲಿ ಬಿಳಿ ಪುಡಿ ಕಂಡರೆ ಅದು ಪ್ಲಾಸ್ಟರ್, ಸಕ್ಕರೆಯಲ್ಲ. ಚಿಕ್ಕವನು ನೆಕ್ಕದಂತೆ ನೋಡಿಕೋ.

ಶುರುವಾದದ್ದು ಹೋದ ವರ್ಷ ಬಂದ ಒಂದು ಪುಟ್ಟ ಹುಡುಗಿಯಿಂದ. ನನ್ನ ಹಾಗೆಯೇ ಸೀಳು ಅಂಗುಳಿನ ಜೊತೆ ಹುಟ್ಟಿದವಳು. ಹೊಲಿಗೆ ಹಾಕಿದ್ದರೂ ಅಂಗುಳಿನಲ್ಲಿ ಸಣ್ಣ ತೂತು ಉಳಿದಿತ್ತು, ಮಾತೆಲ್ಲ ಮೂಗಿಗೆ ಹೋಗುತ್ತಿತ್ತು. ಅಚ್ಚು ತೆಗೆದು, ನಾನು ಹಾಕಿಕೊಳ್ಳುತ್ತೇನಲ್ಲ, ಅಂಥದ್ದೇ ಒಂದು ತೆಳು ಪ್ಲೇಟು ಮಾಡಿಕೊಟ್ಟೆ. ತೂತಿಗೆ ಮುಚ್ಚಳ ಹಾಕಿದ ಹಾಗೆ. ಮುಂದಿನ ಸಲ ಬಂದಾಗ ಅವಳ ತಾಯಿಗೆ ಖುಷಿಯೋ ಖುಷಿ. "ಈಗ ಬಂಗಾರದಂಥ ಮಾತು ಡಾಕ್ಟ್ರೇ, ಒಂದೊಂದಕ್ಷರಾನೂ ಅರ್ಥ ಆಗತ್ತೆ" ಎಂದರು. ನಾನೂ ಬೀಗಿದೆ. ಹುಡುಗಿ ಮಾತ್ರ ಕಾಲು ಆಡಿಸುತ್ತಾ ಸುಮ್ಮನೆ ಕೂತಿದ್ದಳು. ಶಾಲೆಯಲ್ಲಿ ಹೇಗಿದೆ ಪುಟ್ಟಿ ಎಂದು ಕೇಳಿದೆ. ಅವಳು ಏನೋ ಹೇಳಿದಳು. ತಾಯಿಯೇ ಬಿಡಿಸಿ ಹೇಳಬೇಕಾಯಿತು: "ಟೀಚರ್ ನನ್ನ ಏನೂ ಕೇಳಲ್ಲ ಅಂತಾಳೆ. ಕೈ ಎತ್ತಿದ್ರೂ ಬೇರೆಯವರನ್ನೇ ಕೇಳ್ತಾರಂತೆ."

ಅವತ್ತು ಅವರು ಹೋದಮೇಲೆ ನನಗೆ ನೆನಪಾದದ್ದು ನೀನು. ಮೂಲೆಯ ಅಂಗಡಿಯಲ್ಲಿ ನಾನು ಬೆಂಕಿಪೆಟ್ಟಿಗೆ ಕೇಳಿದ್ದು ನೆನಪಿದೆಯಾ? ನನ್ನ ಬಾಯಲ್ಲಿ ಅದು "ಮೆಂಕಿಮೆಟ್ಟಿಗೆ" ಆಗಿತ್ತು. ಅಂಗಡಿಯವನು ನಕ್ಕು, ಇನ್ನೊಬ್ಬರಿಗೂ ಕೇಳಲಿ ಎಂದು ಮತ್ತೊಮ್ಮೆ ಹೇಳಿಸಿದ. ಎರಡು ಜಡೆ ಹಾಕಿಕೊಂಡಿದ್ದ ನೀನು ಮುಂದೆ ಬಂದು, ಸೊಂಟಕ್ಕೆ ಕೈಕೊಟ್ಟು, "ಅವನು ಬೆಂಕಿಪೆಟ್ಟಿಗೆ ಕೇಳ್ತಿದಾನೆ. ನಿಮಗೆ ಕಿವಿ ಕೇಳ್ಸಲ್ವಾ?" ಎಂದೆ. ಮೇಷ್ಟರಿಗೂ ಅದೇ, ಬಸ್ಸಿನ ಕಂಡಕ್ಟರಿಗೂ ಅದೇ. ನನಗೆ ಮಾತು ಬರುವುದಿಲ್ಲ ಎಂದು ನೀನು ಒಂದು ದಿನವೂ ಹೇಳಲಿಲ್ಲ. ಅವರಿಗೇ ಕೇಳಿಸುವುದಿಲ್ಲ ಎಂದೆ. ಕಾಲೇಜಿಗೆ ಹೋಗುವವರೆಗೂ ಊರಿನ ಅರ್ಧ ಜನಕ್ಕೆ ಕಿವುಡು ಎಂದೇ ನಾನು ನಂಬಿಕೊಂಡಿದ್ದೆ ಅಕ್ಕಾ. ಆ ನಂಬಿಕೆ ಇಲ್ಲದಿದ್ದರೆ ನಾನು ಎಂದೋ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಪ್ಲೇಟು ಕೆಲಸ ಮಾಡಿದೆಯೋ ಇಲ್ಲವೋ ಎಂದು ನಾವು ದಂತವೈದ್ಯರು ಯಾರನ್ನು ಕೇಳುತ್ತೇವೆ? ತಾಯಿಯನ್ನು. ಆದರೆ ತಾಯಿಗೆ ಪ್ಲೇಟು ಇಲ್ಲದೆಯೂ ಅರ್ಥವಾಗುತ್ತಿತ್ತು! ನಿನಗೂ ಆಗುತ್ತಿತ್ತು. ಕೇಳಬೇಕಾದದ್ದು ಮಗುವನ್ನು ಮೊದಲ ಸಲ ನೋಡುವವರನ್ನು. ಇದು ತಲೆಗೆ ಹೊಕ್ಕಮೇಲೆ ಹಲ್ಲು ಕೀಳುವಾಗಲೂ ಅದೇ ಯೋಚನೆ. ನಮ್ಮ ಕ್ಲಿನಿಕ್ಕಿನ ಹಿರಿಯ ಡಾಕ್ಟರು ನೋಡಿ ನೋಡಿ ಸಾಕಾಗಿ, "ಪೇಷಂಟ್ ಬಾಯಿ ತೆರೆದಿದಾರೆ, ನೀನು ಆಕಾಶ ನೋಡ್ತಿದೀಯ. ಹೋಗು, ಓದು. ವಾರದಲ್ಲಿ ಎರಡು ಸಂಜೆ ಬಂದ್ರೆ ಸಾಕು" ಎಂದರು. ಇಂಥ ಯಜಮಾನರು ಯಾರಿಗೆ ಸಿಗುತ್ತಾರೆ ಹೇಳು?

ನನಗೆ ಮೊದಲು ದಾರಿಯೇ ಗೊತ್ತಿರಲಿಲ್ಲ. ತಜ್ಞನಾಗುವ ಓದಿಗೆ ಪರೀಕ್ಷೆ ಬರೆದು ರ‍್ಯಾಂಕ್ ತೆಗೆದರೆ ಸೀಟು ಸಿಗುತ್ತದೆ. ಇದೂ ಹಾಗೆಯೇ ಇರಬೇಕು ಎಂದುಕೊಂಡು ಹಳೆಯ ಪುಸ್ತಕಗಳ ದೂಳು ಕೊಡವಿ ಬಾಯಿಪಾಠಕ್ಕೆ ಕೂತಿದ್ದೆ. ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದಾಗ ತಿಳಿಯಿತು, ಇಲ್ಲಿ ಲೆಕ್ಕ ತಲೆಕೆಳಗು. ಮೊದಲು ನಿನ್ನ ಹತ್ತಿರ ಒಂದು ಪ್ರಶ್ನೆ ಇರಬೇಕು. ಆ ಪ್ರಶ್ನೆಯನ್ನು ತನ್ನದು ಎಂದುಕೊಳ್ಳುವ ಒಬ್ಬ ಗೈಡ್ ಸಿಗಬೇಕು. ಅವರ ಜೊತೆ ಕೂತು, ಏನು ಹುಡುಕುತ್ತೇನೆ, ಹೇಗೆ ಹುಡುಕುತ್ತೇನೆ, ರೋಗಿಗಳಿಗೆ ತೊಂದರೆಯಾಗದಂತೆ ಹೇಗೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ಕೊನೆಗೆ ಸಮಿತಿಯ ಮುಂದೆ ನಿಂತು ಅದನ್ನು ಉಳಿಸಿಕೊಳ್ಳಬೇಕು. ಪದವಿ, ಅಂಕ, ಅನುಭವ ಇವೆಲ್ಲ ಬಾಗಿಲು ತಟ್ಟುವುದಕ್ಕೆ ಸಾಕು, ಒಳಗೆ ಕರೆಸಿಕೊಳ್ಳುವುದಕ್ಕೆ ಸಾಲದು.

ಗೈಡ್ ಹುಡುಕುವುದೆಂದರೆ ಗಂಡಿಗೆ ಹೆಣ್ಣು ಹುಡುಕಿದ ಹಾಗೆಯೇ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ವಿಷಯ ಚೆನ್ನಾಗಿದೆ, ಆದರೆ ನನ್ನದಲ್ಲ ಎಂದರು. ಆಮೇಲೆ ಸಿಕ್ಕವರೇ ಪ್ಲಾಸ್ಟರ್ ಮೇಡಂ. ಯಾವಾಗ ನೋಡಿದರೂ ತೋಳಿನ ಮೇಲೆ ಬಿಳಿ ಪುಡಿ ಇರುವುದರಿಂದ ವಿದ್ಯಾರ್ಥಿಗಳು ಇಟ್ಟ ಹೆಸರು ಅದು, ಅವರಿಗೂ ಗೊತ್ತಿದೆ. ಮಕ್ಕಳ ಹಲ್ಲಿನ ವಿಭಾಗದ ಪ್ರೊಫೆಸರು. ಕಿಟಕಿಯುದ್ದಕ್ಕೂ ಮಕ್ಕಳ ದವಡೆಯ ಅಚ್ಚುಗಳನ್ನು ಸಾಲಾಗಿ ಇಟ್ಟುಕೊಂಡಿದ್ದಾರೆ, ಬೇರೆಯವರು ಹೂಕುಂಡ ಇಟ್ಟುಕೊಂಡ ಹಾಗೆ. ನಾನು ಕಷ್ಟಪಟ್ಟು ಬರೆದುಕೊಂಡು ಹೋದದ್ದನ್ನು ಓದಿ ಮುಗಿಸಿ, ಕನ್ನಡಕ ತೆಗೆದು, "ಇದು ಪ್ರಶ್ನೆ ಅಲ್ಲಪ್ಪ, ಭಾಷಣ" ಎಂದರು. ನನ್ನ ಮುಖ ಬಾಡಿತು. "ಪ್ಲೇಟು ಒಳ್ಳೇದು ಅಂತ ನೀವು ಆಗ್ಲೇ ತೀರ್ಮಾನ ಮಾಡ್ಕೊಂಡ್ಬಿಟ್ಟಿದೀರ. ಅದರಿಂದ ಏನೂ ಪ್ರಯೋಜನ ಇಲ್ಲ ಅಂತ ಉತ್ತರ ಬಂದ್ರೆ? ಆಗ್ಲೂ ಒಪ್ಕೊಂಡು ಬರೀತೀರಾ? ಹಾಗಿದ್ರೆ ಮಾತ್ರ ನನ್ನ ಹತ್ರ ಬನ್ನಿ."

ಒಂದು ವಾರ ಒದ್ದಾಡಿದೆ. ನನ್ನ ಬಾಯಲ್ಲೇ ಇರುವ ವಸ್ತು ಅದು. ಅದು ಪ್ರಯೋಜನವಿಲ್ಲದ್ದು ಎಂದು ನನ್ನ ಕೈಯಿಂದಲೇ ಬರೆಯುವುದೇ? ಆದರೆ ಆ ಪುಟ್ಟಿಯ ಟೀಚರಿಗೆ ನಿಜವಾಗಿ ಏನು ಕೇಳಿಸುತ್ತದೆ ಎಂದು ತಿಳಿಯದೆ ಇನ್ನಷ್ಟು ಮಕ್ಕಳಿಗೆ ಪ್ಲೇಟು ಹಾಕುತ್ತಾ ಹೋಗುವುದಕ್ಕಿಂತ ಅದೇ ಮೇಲು ಅನಿಸಿತು. ವಾಪಸ್ಸು ಹೋಗಿ ಒಪ್ಪಿಕೊಂಡೆ. ಆಮೇಲೆ ಮೇಡಂ ನನ್ನನ್ನು ಮಗನ ಹಾಗೆ ತಿದ್ದಿದರು ಅಕ್ಕಾ. ಬರೆದುಕೊಂಡು ಹೋದ ಪ್ರತಿಯೊಂದು ಹಾಳೆಯೂ ಕೆಂಪಾಗಿ ವಾಪಸ್ಸಾಗುತ್ತಿತ್ತು, ಜೊತೆಗೆ ಒಂದು ಲೋಟ ಚಹಾ ಬರುತ್ತಿತ್ತು.

ಸಂದರ್ಶನದ ದಿನ ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ಬಲಕ್ಕೆ ಲೆಕ್ಕ, ಅಂಕಿಸಂಖ್ಯೆ ನೋಡುವ ಪ್ರೊಫೆಸರು, ಎಡಕ್ಕೆ ಬಿಳಿ ಕೂದಲಿನ ಒಬ್ಬ ಸರ್ಜನ್. ಮೇಡಂ ಗೋಡೆ ಪಕ್ಕದ ಕುರ್ಚಿಯಲ್ಲಿ. ಗೈಡ್ ಆದವರು ಮಧ್ಯೆ ಬಾಯಿ ಹಾಕುವಂತಿಲ್ಲ. ನನಗೆ ಹೆದರಿಕೆಯಾದರೆ ಪ್ಲೇಟು ಇದ್ದರೂ ಮಾತು ಮೂಗಿಗೇರುತ್ತದೆ ಎಂದು ನಿನಗೆ ಗೊತ್ತಲ್ಲ. ನಾಲ್ಕು ವಾಕ್ಯ ಆಗಿತ್ತೋ ಇಲ್ಲವೋ, ಲೆಕ್ಕದವರು ಕೈಯೆತ್ತಿ, "ಸಾರಿ, ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದರು. ಹೇಳಿದೆ. ಇನ್ನೂ ಕೆಟ್ಟಿತು. ಅಧ್ಯಕ್ಷರು ಕೆಟ್ಟವರಲ್ಲ, ಮೆತ್ತಗೆ, "ಆರಾಮಾಗಿ ಹೇಳಿ. ಬೇಕಾದ್ರೆ ನಿಮ್ಮ ಪರವಾಗಿ ಮೇಡಂ ಹೇಳಲಿ" ಎಂದರು. ಮೇಡಂ ಏಳಲು ಹೊರಟರು. ನನ್ನ ಕಿವಿ ಬಿಸಿಯಾಯಿತು. ಎಷ್ಟು ವರ್ಷ ನೀನು ನನ್ನ ಪರವಾಗಿ ಹೇಳಿದೆ. ಅದರ ಮೇಲೆಯೇ ನಡೆದುಕೊಂಡು ನಾನು ಆ ಮೇಜಿನವರೆಗೆ ಬಂದಿದ್ದೆ. ಅಲ್ಲಿಂದ ಮುಂದೆ ನಾನೇ ಹೇಳಬೇಕಿತ್ತು.

"ಬೇಡ ಮೇಡಂ" ಎಂದೆ. "ಸಾರ್, ಎಲ್ಲರೂ ಒಂದು ಪೆನ್ನು ತಗೊಳ್ಳಿ. ನಾನು ಹೇಳೋದು ನಿಮಗೆ ಹೇಗೆ ಕೇಳಿಸ್ತೋ ಹಾಗೇ ಬರೀರಿ." ಆಮೇಲೆ ಕರವಸ್ತ್ರ ತೆಗೆದು, ಬಾಯಿಂದ ಪ್ಲೇಟು ಬಿಚ್ಚಿ ಅದರಲ್ಲಿಟ್ಟುಕೊಂಡೆ. ಅಮ್ಮನ ಮತ್ತು ನಿನ್ನ ಎದುರು ಬಿಟ್ಟರೆ ನಾನು ಯಾರ ಮುಂದೆಯೂ ಪ್ಲೇಟು ಬಿಚ್ಚಿದವನಲ್ಲ. "ಬಸ್ಸು ಬಂತು, ಬೇಗ ಬಾ" ಎಂದೆ. ಅಂದರೆ ಹೊರಗೆ ಬಂದದ್ದು "ಮಸ್ಸು ಮಂತು, ಮೇಗ ಮಾ."

ಯಾರೂ ನಗಲಿಲ್ಲ. ಪೆನ್ನಿನ ಸದ್ದು ಮಾತ್ರ. ಆಮೇಲೆ ಅಧ್ಯಕ್ಷರೇ ಹಾಳೆಗಳನ್ನು ತೆಗೆದುಕೊಂಡು ಓದಿದರು. ಲೆಕ್ಕದವರು "ಮನಸ್ಸು, ಮಂತ್ರಿ" ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಸರ್ಜನ್ "ಮೇಘಮಾಲ" ಎಂದು ಬರೆದಿದ್ದರು. ಅವರಿಗೆ ಅದು ಯಾವುದೋ ಹುಡುಗಿಯ ಹೆಸರಿನ ಹಾಗೆ ಕೇಳಿಸಿತಂತೆ! ಅಧ್ಯಕ್ಷರ ಹಾಳೆ ಖಾಲಿ. ಗೋಡೆ ಪಕ್ಕದ ಮೇಡಂ ಹಾಳೆಯಲ್ಲಿ ಮಾತ್ರ ಅಚ್ಚುಕಟ್ಟಾಗಿ, "ಬಸ್ಸು ಬಂತು, ಬೇಗ ಬಾ."

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಅಧ್ಯಕ್ಷರು ಮೇಡಂ ಕಡೆ ತಿರುಗಿದರು.

"ತಿಂಗಳುಗಟ್ಟಲೆ ಇವರ ಮಾತು ಕೇಳಿದೀನಲ್ಲ ಸಾರ್, ಅಭ್ಯಾಸ ಆಗೋಗಿದೆ."

ನಾನು ಪ್ಲೇಟನ್ನು ಮತ್ತೆ ಹಾಕಿಕೊಂಡು ಹೇಳಿದೆ: "ಅದೇ ಸಾರ್ ನನ್ನ ಪ್ರಶ್ನೆ. ಅಭ್ಯಾಸ ಇರೋರನ್ನ ಕೇಳಿ ನಾವು ಚಿಕಿತ್ಸೆ ಚೆನ್ನಾಗಾಯ್ತು ಅಂತಿದೀವಿ. ಅಭ್ಯಾಸ ಇಲ್ಲದೋರಿಗೆ ಏನು ಕೇಳಿಸತ್ತೆ ಅಂತ ನಾನು ನೋಡ್ಬೇಕು."

ಆಮೇಲೆ ಅವರು ಕೇಳಿದ್ದೆಲ್ಲ ಕೆಲಸದ ಪ್ರಶ್ನೆಗಳು: ಎಷ್ಟು ಮಕ್ಕಳು, ಕೇಳುಗರನ್ನು ಎಲ್ಲಿಂದ ತರುತ್ತೀರಿ, ಹೆತ್ತವರ ಒಪ್ಪಿಗೆ ಹೇಗೆ ಪಡೆಯುತ್ತೀರಿ. ಲೆಕ್ಕದವರಂತೂ ಮುಂದಕ್ಕೆ ಬಾಗಿ, ನನ್ನ ಲೆಕ್ಕಾಚಾರದಲ್ಲಿದ್ದ ಒಂದು ತಪ್ಪನ್ನು ತಾವೇ ಸರಿಮಾಡಿಕೊಟ್ಟರು. ಹೊರಡುವಾಗ ಎದ್ದು ಬಂದು ಕೈ ಹಿಡಿದು, "ನನ್ನಿಂದ ಬೇಜಾರಾಯ್ತೇನ್ರಿ?" ಎಂದರು. ಇಲ್ಲ ಸಾರ್ ಎಂದೆ, ನಿಜವಾಗಿಯೂ ಆಗಿರಲಿಲ್ಲ. ಅವರು ಹಾಗೆ ಕೇಳದಿದ್ದರೆ ನಾನು ಪ್ಲೇಟು ಬಿಚ್ಚುತ್ತಲೇ ಇರಲಿಲ್ಲ. ಸಂಜೆ ಮೇಡಂ ಫೋನ್ ಮಾಡಿ, "ಸೋಮವಾರದಿಂದ ಬನ್ನಿ. ಏಪ್ರನ್ ನಿಮ್ಮದೇ ತನ್ನಿ, ನಮ್ಮಲ್ಲಿರೋದೆಲ್ಲ ಹರಿದಿದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಅಕ್ಕಾ, ಎಷ್ಟೊಂದು ಜನರ ಋಣ ನೋಡು. ಹಿರಿಯ ಡಾಕ್ಟರು, ಮೇಡಂ, ಆ ಪುಟ್ಟಿ ಮತ್ತು ಅವಳ ತಾಯಿ. ಎಲ್ಲರಿಗೂ ಮುಖ ನೋಡಿಯೇ ಥ್ಯಾಂಕ್ಸ್ ಹೇಳಿದೆ. ನಿನಗೆ ಎದುರೆದುರು ಹೇಳಲು ಹೋದರೆ "ಸಾಕು ಸುಮ್ನಿರೋ" ಎಂದು ತಲೆಗೊಂದು ಮೊಟಕುತ್ತೀಯ. ಕಾಗದವನ್ನು ಮೊಟಕಲಾಗುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ: ನನಗೆ ಮಾತು ಕೊಟ್ಟವಳು ನೀನು.

ಭಾವನಿಗೆ ನಮಸ್ಕಾರ ಹೇಳು. ದೊಡ್ಡವಳಿಗೂ ಚಿಕ್ಕವನಿಗೂ ಕೆನ್ನೆಗೊಂದೊಂದು ಮುತ್ತು, ಹಲ್ಲು ಉಜ್ಜಿದ್ದರೆ ಮಾತ್ರ. ನಿನ್ನ ಕೈ ಯಾವಾಗಲೂ ನನ್ನ ತಲೆಯ ಮೇಲಿರಲಿ, ಮೊಟಕುವುದಕ್ಕಾದರೂ ಸರಿ.

ನಿನ್ನ ತಮ್ಮ,
ಪಾಪಣ್ಣಿ
(ಈಗ ಮೂವತ್ತೆರಡು ತುಂಬಿತು, ಹಲ್ಲಿಗೂ ನನಗೂ ಲೆಕ್ಕ ಸಮ)

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮುಂಚೆ ಬೇಗ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ಅವತ್ತು ಸಂದರ್ಶನ ಮುಗಿದಮೇಲೆ ಆ ಸರ್ಜನ್ ನನ್ನನ್ನು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ ಬಾಯಿ ತೆರೆಸಿ ನೋಡಿದರು. "ಈ ತೂತನ್ನ ಈಗ ಮುಚ್ಚಬಹುದು" ಎಂದರು. ಚಿಕ್ಕಂದಿನಲ್ಲಿ ಎರಡು ಸಲ ಹೊಲಿದು ಎರಡು ಸಲವೂ ಬಿಟ್ಟುಕೊಂಡಿತಲ್ಲ, ಆಮೇಲೆ ನಮ್ಮ ಮನೆಯಲ್ಲಿ ಆ ಮಾತನ್ನೇ ಯಾರೂ ಎತ್ತಿಲ್ಲ. ಈಗ ನಾಲಿಗೆಯಿಂದಲೇ ಒಂದು ಚೂರು ತಿರುಗಿಸಿ ಅಂಗುಳಿಗೆ ಹೊಲಿಯುತ್ತಾರಂತೆ. ಅದು ಕಚ್ಚಿಕೊಳ್ಳುವವರೆಗೆ ನಾಲಿಗೆ ಅಂಗುಳಿಗೇ ಅಂಟಿಕೊಂಡಿರುವುದರಿಂದ ಕೆಲವು ವಾರ ಮಾತು ಪೂರ್ತಿ ಬಂದ್. ಮೂರನೆಯ ಸಲವೂ ಬಿಟ್ಟುಕೊಳ್ಳಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಒಪ್ಪಿಕೊಂಡಿದ್ದೇನೆ. ಆಪರೇಷನ್ ಮಾರ್ಚ್ ಮೊದಲ ವಾರ. ಹೆದರಿಕೆ ಇದೆ, ಅಮ್ಮನಿಗೆ ಇನ್ನೂ ಹೇಳಿಲ್ಲ. ಆಸ್ಪತ್ರೆಯ ನರ್ಸು "ಜೊತೆಗೆ ಯಾರಿರ್ತಾರೆ?" ಎಂದು ಕೇಳಿದಾಗ, ನಿನ್ನನ್ನು ಒಂದು ಮಾತೂ ಕೇಳದೆ, "ನಮ್ಮಕ್ಕ" ಎಂದುಬಿಟ್ಟೆ. ಬರುತ್ತೀಯಲ್ಲ?